ಒಳಬರುವ ಕರೆ, ಹೊರಹೋಗದ ಕರೆ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ದೂರವಾಣಿಯು ಇಂದು ಯಾರಿಗೂ ಅಚ್ಚರಿಯ ವಸ್ತುವಲ್ಲ. ಕುರಿ ಕಾಯುವವರ ಜೇಬಿನಲ್ಲಿಯೂ ಅದಿದೆ. ಆದರೆ ಕೈಗೆ ಸುಲಭವಾಗಿ ಸಿಕ್ಕಿದ ವಸ್ತುವಿನ ಒಳಗುಟ್ಟನ್ನು ವಿಚಾರಿಸುವವರು ಕಡಮೆ. ಅದು ಕೆಟ್ಟಾಗ ಮಾತ್ರವೇ ನಮಗೆ ಅದರ ನೆನಪಾಗುವುದು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಎತ್ತಿಕೊಂಡುದಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುವೆನು. ಮೊದಲು ಯಂತ್ರದ ವಿಚಾರ.

ನಮ್ಮ ದೇಶದಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದುದು 1882ರಲ್ಲಿ, ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ. ಆಗ ಕರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಜೋಡಿಸುತ್ತಿದ್ದುದು ಮನುಷ್ಯನ ಕೈ. ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಯವನಾದ ಆಲ್ಮನ್ ಸ್ಟ್ರೌಜರ್ ಎಂಬಾತನು, ತನಗೆ ಬರಬೇಕಾದ ಕರೆಗಳು ಬೇರೊಬ್ಬರಿಗೆ ಹೋಗುತ್ತಿವೆಯೆಂಬ ಗುಮಾನಿಯಿಂದ ಸ್ವಯಂಚಾಲಿತ ವಿನಿಮಯ ಯಂತ್ರವನ್ನು ಕಲ್ಪಿಸಿದನೆಂದು ಹೇಳುವುದುಂಟು. 1891ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ನಮ್ಮ ಬೆಂಗಳೂರಿಗೂ ಈ ವಿದ್ಯೆಗೂ ಹಳೆಯ ನಂಟು. 1948ರಲ್ಲಿ ಇಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದಲೇ ದೂರವಾಣಿನಗರಕ್ಕೆ ಆ ಹೆಸರು ಬಂದಿತು. ಹಳ್ಳಿಗಳಿಗಾಗಿ ಸಿ-ಡಾಟ್ ಸಂಸ್ಥೆಯು ರಚಿಸಿದ 128 ಸಾಲುಗಳ ವಿನಿಮಯ ಯಂತ್ರವು 1986ರಲ್ಲಿ ಮೊದಲು ಕೆಲಸಕ್ಕೆ ತೊಡಗಿದುದು ಚೆನ್ನಮ್ಮನ ಕಿತ್ತೂರಿನಲ್ಲಿ. ಧೂಳು ಸೆಕೆಗಳನ್ನು ತಡೆದುಕೊಂಡು, ತಂಪು ಯಂತ್ರದ ಹಂಗಿಲ್ಲದೆ ನಡೆಯುವಂತೆ ಅದನ್ನು ಮಾಡಿದ್ದರು.

ಇಂದು ಒಂದು ಕಚೇರಿಯ ಒಳಗಿನ ವಿನಿಮಯ ಕೇಂದ್ರವೆಂದರೆ ಮೂಲೆಯಲ್ಲಿ ಕುಳಿತ ಒಂದು ಗಣಕಯಂತ್ರ ಅಷ್ಟೆ. ಅದಕ್ಕೆ ಸರ್ವರ್ ಎನ್ನುತ್ತಾರೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ತರುಣನು ಆರಂಭಿಸಿದ ಆಸ್ಟರಿಸ್ಕ್ ಎಂಬ ತಂತ್ರಾಂಶವು ಎಲ್ಲರಿಗೂ ಮುಕ್ತವಾಗಿ ದೊರೆಯುವುದರಿಂದ, ಸಣ್ಣ ಕಚೇರಿಗಳೂ ಇಂಥ ಯಂತ್ರವನ್ನು ಇಟ್ಟುಕೊಳ್ಳುವಂತಾಗಿದೆ. ಮೇಜಿನಿಂದ ಮೇಜಿಗೆ ಹೋಗುವ ಕರೆಯನ್ನು ಸರ್ವರೇ ಜೋಡಿಸುತ್ತದೆ. ಹೊರಗೆ ಹೋಗಬೇಕಾದ ಕರೆಯನ್ನು ದೂರವಾಣಿ ಕಂಪನಿಯ ಕೈಗೆ ಒಪ್ಪಿಸುತ್ತದೆ. ಹೀಗೆ ಒಪ್ಪಿಸುವ ದಾರಿಗೆ ಟ್ರಂಕ್ ಎಂದು ಹೆಸರು. ಇವೆರಡರ ನಡುವಣ ಮಾತುಕತೆಯು ಸಿಪ್ ಎಂಬ ನಿಯಮಾವಳಿಯಂತೆ ನಡೆಯುತ್ತದೆ. ಅದರ ಈಗಿನ ಮುಖ್ಯ ರೂಪವು 2002ರಲ್ಲಿ ಪ್ರಕಟವಾಯಿತು.

ಈಗ ಕಾರಣಕ್ಕೆ ಬರುತ್ತೇನೆ. ನಮ್ಮ ಊರು ತುಮಕೂರು ರಸ್ತೆಯ ಮಾಕಳಿ. ಈ ರಸ್ತೆಯುದ್ದಕ್ಕೂ ಉಗ್ರಾಣಗಳಿವೆ. ಅಂಥದೊಂದರ ಕಚೇರಿಯಲ್ಲಿ ನಾನು ಕಾಲೇಜು ಮುಗಿಸಿ ಸಂಜೆ ಲೆಕ್ಕ ಬರೆಯುತ್ತೇನೆ. ಮಾರನೆಯ ದಿನ ಯಾರಾರು ಕೆಲಸಕ್ಕೆ ಬರಬೇಕೆಂಬುದನ್ನು ಹಿಂದಿನ ಸಂಜೆ ಫೋನು ಮಾಡಿ ತಿಳಿಸುವುದು ಅಲ್ಲಿಯ ಪದ್ಧತಿ. ಕರೆ ಬಂದರೆ ಕೂಲಿ, ಬಾರದಿದ್ದರೆ ಇಲ್ಲ. ಆ ಪಟ್ಟಿಯಲ್ಲಿ ನನ್ನ ತಾಯಿಯ ಹೆಸರೂ ಇದೆ. ಸಾಮಾನು ಕಟ್ಟುವ ಆ ಕೂಲಿಯಿಂದಲೇ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಒಬ್ಬನು ಕಾಲೇಜಿನ ಮೆಟ್ಟಿಲು ಹತ್ತುವಂತಾದುದು.

ಕಚೇರಿಯವರು ಹಳೆಯ ಸರ್ವರನ್ನು ತೆಗೆದು ಹೊಸದನ್ನು ಇಟ್ಟರು. ವರ್ಗಾವಣೆ ಮಾಡಿದವರು ಒಳಗಿನ ಮೇಜುಗಳಿಗೆ ಕರೆ ಮಾಡಿ ನೋಡಿದರು, ಹೋಯಿತು. ಹೊರಗಿನಿಂದ ಕರೆ ತರಿಸಿ ನೋಡಿದರು; ಬಂದಿತು. ನಗರದ ತಮ್ಮ ಕಚೇರಿಯ ಸ್ಥಿರ ದೂರವಾಣಿಗೂ ಕರೆ ಮಾಡಿದರು, ಹೋಯಿತು. ಎಲ್ಲವೂ ಸರಿಯೆಂದು ಹೊರಟುಹೋದರು. ಆ ಸಂಜೆಯಿಂದ ಪಟ್ಟಿಯವರಿಗೆ ಮಾಡಿದ ಒಂದು ಕರೆಯೂ ಹೋಗಲಿಲ್ಲ. ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ, ಸ್ವಲ್ಪ ಹೊತ್ತಿನ ಮೇಲೆ ಪ್ರಯತ್ನಿಸಿ ಎಂದು ಇಂಗ್ಲಿಷಿನಲ್ಲಿ ಒಂದು ಧ್ವನಿ ಹೇಳುತ್ತಿತ್ತು. ಗುಮಾಸ್ತರು ಅದನ್ನು ನಂಬಿ, ಪಕ್ಕದಲ್ಲಿ ವಾಸವಿರುವ ನಾಲ್ಕಾರು ಮಂದಿಗೆ ಹೇಳಿಕಳುಹಿಸಿ ಕೆಲಸ ಸಾಗಿಸಿದರು.

ಮನೆಯಲ್ಲಿ ಅಮ್ಮ ಎರಡು ಸಂಜೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. “ಈ ವಾರ ಲೋಡು ಕಮ್ಮಿ ಇರಬೇಕು ಕಣಪ್ಪ, ನಮ್ಮನ್ನ ಕರೀಲಿಲ್ಲ” ಎಂದಳು. ಲೋಡು ಕಡಮೆಯಿರಲಿಲ್ಲವೆಂಬುದು ಲೆಕ್ಕ ಬರೆಯುವ ನನಗೆ ಗೊತ್ತಿತ್ತು. ಮರುದಿನ ಪೇಟೆಯಿಂದ ಒಬ್ಬ ತಂತ್ರಜ್ಞರು ಬಂದಾಗ, ನಾನು ಅವರ ಮಗ್ಗುಲಲ್ಲಿಯೇ ಕುಳಿತು ನೋಡಿದೆನು. ಆಗ ಕಲಿತುದನ್ನೂ, ಅನಂತರ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯ ಪ್ರಶ್ನೆ: ಕರೆಯು ಎಲ್ಲಿಯವರೆಗೆ ಹೋಗುತ್ತಿದೆ? ಒಳಗಿನ ಕರೆಗಳು ನಡೆಯುತ್ತಿದ್ದರೆ ಫೋನಿಗೂ ಸರ್ವರಿಗೂ ಸಂಬಂಧ ಸರಿಯಾಗಿದೆ. ಹೊರಗಿನಿಂದ ಕರೆ ಬರುತ್ತಿದ್ದರೆ ಕಂಪನಿಯಿಂದ ನಮ್ಮವರೆಗೆ ದಾರಿಯಿದೆ. ಆದರೆ ಬರುವುದು ಬಂದ ಮಾತ್ರಕ್ಕೆ ಹೋಗುವುದೂ ಹೋಗಬೇಕೆಂಬ ನಿಯಮವಿಲ್ಲ. ಬರುವ ಕರೆಯಲ್ಲಿ ನಿರ್ಧಾರವೆಲ್ಲ ಕಂಪನಿಯದು; ನಮ್ಮ ಸರ್ವರು ಬಾಗಿಲು ತೆರೆದರೆ ಸಾಕು. ಹೋಗುವ ಕರೆಯಲ್ಲಿ ಒತ್ತಿದ ಅಂಕಿಗಳನ್ನು ಓದಿ, ಯಾವ ದಾರಿಯಲ್ಲಿ, ಯಾವ ರೂಪದಲ್ಲಿ, ಯಾರ ಹೆಸರಿನಲ್ಲಿ ಕಳುಹಿಸಬೇಕೆಂದು ನಮ್ಮ ಸರ್ವರೇ ತೀರ್ಮಾನಿಸಬೇಕು.

ಎರಡನೆಯದು: ಸರ್ವರಿನ ದಿನಚರಿ. ಪ್ರತಿ ಕರೆಯ ಹೆಜ್ಜೆಗಳನ್ನೂ ಅದು ಬರೆದಿಡುತ್ತದೆ. ಕರೆಯು ಟ್ರಂಕಿನತ್ತ ಹೊರಡಲೇ ಇಲ್ಲವೆಂದರೆ ದೋಷ ನಮ್ಮ ನಿಯಮಗಳಲ್ಲಿದೆ. ಹೊರಟು ಉತ್ತರವೇ ಬಾರದಿದ್ದರೆ, ನಡುವೆ ಕಾವಲು ಗೋಡೆ ತಡೆದಿರಬಹುದು; ಇಲ್ಲವೇ ಕಂಪನಿಯು ಹಳೆಯ ಸರ್ವರಿನ ವಿಳಾಸವನ್ನು ಮಾತ್ರ ಗುರುತಿಸುತ್ತಿರಬಹುದು. ಉತ್ತರ ಬಂದರೆ ಅದು ಒಂದು ಸಂಖ್ಯೆಯ ರೂಪದಲ್ಲಿರುತ್ತದೆ. 401 ಅಥವಾ 407 ಎಂದರೆ ನೀನು ಯಾರೆಂದು ರುಜುವಾತು ಮಾಡು ಎಂದು. ಒಮ್ಮೆ ಕೇಳಿದರೆ ಅದು ಸಹಜ, ಮತ್ತೆ ಮತ್ತೆ ಕೇಳಿದರೆ ಗುಪ್ತಪದ ತಪ್ಪಿದೆ. 403 ಎಂದರೆ ಅನುಮತಿಯಿಲ್ಲ. ಕಂಪನಿ ಕೊಟ್ಟ ಸಂಖ್ಯೆಯನ್ನು ಬಿಟ್ಟು ಬೇರೆ ಸಂಖ್ಯೆಯನ್ನು ಕರೆಯುವವರದೆಂದು ತೋರಿಸಿದರೂ ಇದು ಬರಬಹುದು. 404 ಎಂದರೆ ಅಂಥ ಸಂಖ್ಯೆ ಸಿಕ್ಕಲಿಲ್ಲ. 484 ಎಂದರೆ ಸಂಖ್ಯೆ ಅಪೂರ್ಣ. 486 ಎಂದರೆ ಮಾತ್ರ ಎದುರಿನವರು ನಿಜವಾಗಿ ಮಾತಿನಲ್ಲಿದ್ದಾರೆ.

ನಮ್ಮ ದಿನಚರಿಯಲ್ಲಿ ಇದ್ದುದು 404. ಅಂದಮೇಲೆ ಮಾರ್ಗಗಳು ಕಾರ್ಯನಿರತವಾಗಿವೆ ಎಂಬ ಮಾತು ಎಲ್ಲಿಂದ ಬಂತು? ಅದನ್ನು ಹೇಳಿದ್ದು ಕಂಪನಿಯಲ್ಲ, ನಮ್ಮದೇ ಸರ್ವರು! ಕರೆಯನ್ನು ಯಾವ ಟ್ರಂಕಿನಿಂದಲೂ ಸಾಗಿಸಲು ಆಗದಿದ್ದಾಗ, ಕಾರಣ ಏನೇ ಇರಲಿ, ಇಂಥ ಅನೇಕ ಸರ್ವರುಗಳು ಇದೇ ಧ್ವನಿಮುದ್ರಿಕೆಯನ್ನು ಕೇಳಿಸುತ್ತವೆ. ಯಂತ್ರದ ಬಾಯಿಮಾತಿಗಿಂತ ಅದರ ಬರಹವನ್ನು ನಂಬುವುದು ಲೇಸೆಂದು ನನಗೆ ಅಂದು ತಿಳಿಯಿತು.

ಮೂರನೆಯದು: ಯಾವ ಜಾತಿಯ ಸಂಖ್ಯೆಗೆ ಹೋಗುತ್ತದೆ, ಯಾವುದಕ್ಕೆ ಹೋಗುವುದಿಲ್ಲ? ಬೆಂಗಳೂರಿನ 8 ಅಂಕಿಯ ಸ್ಥಿರ ಸಂಖ್ಯೆಗೆ ಹೋಗುತ್ತಿತ್ತು. 10 ಅಂಕಿಯ ಮೊಬೈಲಿಗೆ ಹೋಗುತ್ತಿರಲಿಲ್ಲ. ಕೂಲಿಯವರಾರ ಮನೆಯಲ್ಲಿಯೂ ಸ್ಥಿರ ದೂರವಾಣಿಯಿಲ್ಲ. ತಂತ್ರಜ್ಞರು ಹೇಳಿದಂತೆ, ನನ್ನ ಮೊಬೈಲಿನ ಸಂಖ್ಯೆಯ ಹಿಂದೆ ಒಂದು ಸೊನ್ನೆಯನ್ನು ಸೇರಿಸಿ ಒತ್ತಿದೆನು. ಕೂಡಲೇ ಜೇಬಿನಲ್ಲಿ ಗಂಟೆ ಬಾರಿಸಿತು.

ಗುಟ್ಟು ಇಷ್ಟೆ. ಮುಂದೆ ಮೊಬೈಲ್ ಸಂಖ್ಯೆಗಳ ಕೊರತೆಯಾಗಬಾರದೆಂದು, 2021ರ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಹಾಕುವುದು ಭಾರತದಲ್ಲಿ ಕಡ್ಡಾಯವಾಯಿತು. ಆಗ ಹಳೆಯ ಸರ್ವರಿನಲ್ಲಿ ಯಾರೋ ಒಂದು ಸಾಲು ಬರೆದಿದ್ದರು: 10 ಅಂಕಿಯ ಮೊಬೈಲ್ ಸಂಖ್ಯೆ ಬಂದರೆ ಸೊನ್ನೆ ಸೇರಿಸಿ ಕಳುಹಿಸು. ಅದರಿಂದ ಗುಮಾಸ್ತರು ಸೊನ್ನೆಯ ಗೊಡವೆಗೇ ಹೋಗಬೇಕಾಗಿರಲಿಲ್ಲ. ಆದರೆ ಹೊಸ ಸರ್ವರಿನ ನಿಯಮಗಳನ್ನು ತುಂಬಿದುದು ಬೀರುವಿನ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ನೋಡಿ. ಆ ಕಾಗದವು 2021ಕ್ಕಿಂತ ಹಿಂದಿನದು. ಯಂತ್ರದಲ್ಲಿದ್ದ ಸೊನ್ನೆ ಕಾಗದದಲ್ಲಿರಲಿಲ್ಲ. ಒಂದು ಸಾಲನ್ನು ಸೇರಿಸಲು ಎರಡು ನಿಮಿಷ ಹಿಡಿಯಿತು.

ನಾಲ್ಕನೆಯದು ನಮಗೆ ಬಾರದಿದ್ದರೂ ಹಲವರಿಗೆ ಬರುವ ತೊಂದರೆ: ಕರೆ ಹೋಗುತ್ತದೆ, ಎತ್ತುತ್ತಾರೆ, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಕರೆಯನ್ನು ಏರ್ಪಡಿಸುವ ಸಂದೇಶ ಒಂದು ದಾರಿಯಲ್ಲಿಯೂ, ಧ್ವನಿ ಬೇರೆ ದಾರಿಯಲ್ಲಿಯೂ ಹೋಗುವುದೇ ಇದಕ್ಕೆ ಕಾರಣ. ಸಂದೇಶಕ್ಕೆ ಸಾಮಾನ್ಯವಾಗಿ 5060 ಎಂಬ ಬಾಗಿಲು. ಧ್ವನಿಗೆ ಆಸ್ಟರಿಸ್ಕಿನಲ್ಲಿ ವಾಡಿಕೆಯಾಗಿ 10000ದಿಂದ 20000ದವರೆಗಿನ ಬಾಗಿಲುಗಳು. ಹೊಸ ಸರ್ವರಿನ ಮುಂದೆ ಇವು ಮುಚ್ಚಿರಬಹುದು. ಇಲ್ಲವೇ ಸರ್ವರು ಧ್ವನಿಯನ್ನು ತರಿಸಿಕೊಳ್ಳಲು ತನ್ನ ಒಳಮನೆಯ ವಿಳಾಸವನ್ನು ಕೊಟ್ಟಿರಬಹುದು. ಊರು ಬೀದಿಗಳ ಹೆಸರಿಲ್ಲದೆ ‘ನಡುಮನೆ’ ಎಂದಷ್ಟೇ ಬರೆದ ಕಾಗದವನ್ನು ಅಂಚೆಯವನು ಎಲ್ಲಿಗೆ ತಲುಪಿಸಿಯಾನು?

ಇಂಥ ವರ್ಗಾವಣೆಯ ಕಾಲದಲ್ಲಿ ಮಾಡಬೇಕಾದುದು ಕಷ್ಟವೇನಲ್ಲ. ಹಳೆಯ ಯಂತ್ರದಲ್ಲಿ ಈಗ ಇರುವ ನಿಯಮಗಳನ್ನೇ ನಕಲು ಮಾಡಿಕೊಳ್ಳಬೇಕು, ಗೋಡೆಯ ಕಾಗದವನ್ನಲ್ಲ. ಸ್ಥಿರ ಸಂಖ್ಯೆ, ಮೊಬೈಲು, ಹೊರ ಊರು, ಹೀಗೆ ಒಂದೊಂದು ಬಗೆಗೂ ಒಂದೊಂದು ಕರೆ ಮಾಡಿ, ಎರಡೂ ಕಡೆ ಮಾತು ಕೇಳುವುದೇ ಎಂದು ನೋಡಬೇಕು. ತುರ್ತಿನ 112ಕ್ಕೆ ಸುಮ್ಮನೆ ಕರೆ ಮಾಡಬಾರದು. ಅದಕ್ಕೆ ದಾರಿ ಬರೆದಿದೆಯೇ ಎಂದು ನಿಯಮಗಳಲ್ಲಿ ಪರಿಶೀಲಿಸಬೇಕು. ಹಳೆಯ ಸರ್ವರನ್ನು ಕೆಲವು ದಿನ ಅಳಿಸದೆ ಇಟ್ಟಿರಬೇಕು.

ಕಳೆದ ಎರಡು ದಿನಗಳ ಕೂಲಿ ಯಾರಿಗೂ ಬರಲಿಲ್ಲ. ಕೆಲಸ ಮಾಡದ ದಿನಕ್ಕೆ ಕೂಲಿಯಿಲ್ಲವೆಂಬುದು ಲೆಕ್ಕದ ನಿಯಮ. ಆ ಲೆಕ್ಕವನ್ನು ನಾನೇ ಬರೆದೆನು. ಕಚೇರಿಯೊಳಗೆ ಕುಳಿತವರಿಗೆ ಫೋನು ಎರಡು ದಿನವೂ ಚೆನ್ನಾಗಿಯೇ ಇತ್ತು. ಕೆಟ್ಟಿದೆಯೆಂದು ತಿಳಿಯಬೇಕಾಗಿದ್ದವರು ತಮಗೆ ಕೆಲಸವಿಲ್ಲವೆಂದುಕೊಂಡು ಸುಮ್ಮನಿದ್ದರು. ಬಾರದ ಕರೆಯನ್ನು ಕುರಿತು ಯಾರು ದೂರು ಕೊಡುತ್ತಾರೆ? ನಮ್ಮ ಸಹಪಾಠಿಗಳಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಕುಳಿತು, ಸಹಿ ಹಾಕಿ, ‘ಎಲ್ಲವೂ ಸರಿಯಾಗಿದೆ’ ಎಂದು ಬರೆಯುವವರು. ಅವರಲ್ಲಿ ನನ್ನದೊಂದು ವಿನಂತಿ: ಪರೀಕ್ಷೆಯ ಕರೆಗಳಲ್ಲಿ ಒಂದನ್ನಾದರೂ ಪಟ್ಟಿಯ ಕೊನೆಯ ಹೆಸರಿನವರಿಗೆ ಮಾಡಿ, ಅವರು ‘ಹಲೋ’ ಎಂದ ಮೇಲೆ ಸಹಿ ಹಾಕಿರಿ.