ಅಂಗಡಿ-ಮನೆಗೆ ತಂತಿರಹಿತ ಕಾವಲು: ಸ್ವತಃ ಅಳವಡಿಸಿಕೊಳ್ಳುವ ಮುನ್ನ

ಕನಕಗಿರಿ ತಾಲ್ಲೂಕಿನ ಹುಲಿಹೈದರದಂತಹ ಊರುಗಳಲ್ಲಿ ಸಣ್ಣ ವರ್ತಕರ ವ್ಯಾಪಾರವೂ ವಾಸವೂ ಬಹುಮಟ್ಟಿಗೆ ಒಂದೇ ಸೂರಿನಡಿ ನಡೆಯುತ್ತವೆ. ಮುಂದೆ ಶಟರ್ ಹಾಕಿದ ಅಂಗಡಿ, ಹಿಂದೆ ಮನೆ, ಪಕ್ಕಕ್ಕೊಂದು ತಗಡಿನ ಶೆಡ್ಡು. ಗಲ್ಲಾದ ಹಣ, ಗೊಬ್ಬರದ ದಾಸ್ತಾನು, ಮನೆಯವರ ಒಡವೆ ಎಲ್ಲವೂ ಅಲ್ಲಿಯೇ. ಕುಟುಂಬವು ಮದುವೆಗೋ ಕನಕಾಚಲಪತಿಯ ಜಾತ್ರೆಗೋ ಹೊರಟಿತೆಂದರೆ ಅಂಗಡಿ ಮತ್ತು ಮನೆ ಎರಡಕ್ಕೂ ಏಕಕಾಲಕ್ಕೆ ಬೀಗ ಬೀಳುತ್ತದೆ. ಗೋಡೆ ಕೊರೆಯದೆ, ತಂತಿ ಎಳೆಯದೆ, ಮಾಲೀಕನೇ ಒಂದು ಮಧ್ಯಾಹ್ನದಲ್ಲಿ ಜೋಡಿಸಿಕೊಳ್ಳಬಹುದಾದ ತಂತಿರಹಿತ ಎಚ್ಚರಿಕೆ ಉಪಕರಣವು ಇಂತಹ ಕಟ್ಟಡಕ್ಕೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಪೆಟ್ಟಿಗೆಯೊಳಗಿನ ಸೂಚನಾ ಪುಸ್ತಿಕೆಯನ್ನು ಬರೆದವರ ಮನಸ್ಸಿನಲ್ಲಿದ್ದುದು ಬೇರೆ ಬಗೆಯ ಮನೆ. ಅಲ್ಲಿ ಶಟರ್ ಇಲ್ಲ, ತಗಡಿಲ್ಲ, ಕೊಪ್ಪಳ ಜಿಲ್ಲೆಯ ಬೇಸಿಗೆಯಂತೂ ಇಲ್ಲವೇ ಇಲ್ಲ.

ಮೊದಲು ಬೇಸಿಗೆಯ ಮಾತು. ಕೋಣೆಯಲ್ಲಿ ಚಲನೆಯನ್ನು ಗುರುತಿಸುವ ಸೆನ್ಸರ್ ವಾಸ್ತವವಾಗಿ ನೋಡುವುದು ಮನುಷ್ಯನ ಮೈಯ ಶಾಖವನ್ನು. ಸುತ್ತಲಿನ ಗೋಡೆ, ನೆಲಗಳಿಗಿಂತ ಭಿನ್ನವಾದ ಶಾಖವೊಂದು ತನ್ನ ಎದುರು ಸರಿದಾಗ ಅದು ಎಚ್ಚರಗೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಒಳಗಿನ ಉಷ್ಣಾಂಶವು ಮೈಯ ಶಾಖದ ಸಮೀಪಕ್ಕೆ ಬಂದಾಗ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಚಳಿಗಾಲದಲ್ಲಿ 10 ಮೀಟರಿನಾಚೆಗೆ ಕಂಡದ್ದು ಆಗ ಅರ್ಧ ದೂರಕ್ಕೂ ಕಾಣದೆ ಹೋಗಬಹುದು. ಉಷ್ಣಾಂಶಕ್ಕೆ ಹೊಂದಿಕೊಂಡು ಸೂಕ್ಷ್ಮತೆಯನ್ನು ತಾನೇ ಬದಲಿಸಿಕೊಳ್ಳುವ ಮಾದರಿಗಳಿವೆ. ಬೆಲೆ ತುಸು ಹೆಚ್ಚಾದರೂ ಶೆಡ್ಡಿಗೆ ಅವೇ ಸರಿ. ಸೆನ್ಸರನ್ನು ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ, ಮೂಲೆಯಲ್ಲಿ, ಒಳಬಂದವನು ಅದರತ್ತ ನೇರವಾಗಿ ನಡೆಯದೆ ಅಡ್ಡಹಾಯುವಂತೆ ಇಡಬೇಕು. ಅಡ್ಡ ಚಲನೆಯನ್ನೇ ಅದು ಚೆನ್ನಾಗಿ ಗುರುತಿಸುವುದು. ಚೀಲಗಳ ಒಟ್ಟಿಲು ಅದರ ಕಣ್ಣಿಗೆ ಗೋಡೆಯೇ ಸರಿ. ದಾಸ್ತಾನು ಏರಿದಾಗಲೆಲ್ಲ ಎದುರಿನ ಜಾಗವನ್ನು ಮತ್ತೊಮ್ಮೆ ನೋಡತಕ್ಕದ್ದು. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳಲ್ಲಾದರೆ ತೌಡಿನ ಧೂಳು ಸೆನ್ಸರಿನ ಮಸೂರದ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿದರೆ ಸಾಕು.

ಎರಡನೆಯದು ಶಟರ್. ಕಿಟ್ಟಿನೊಂದಿಗೆ ಬರುವ ಬಾಗಿಲಿನ ಸೆನ್ಸರ್ ಮರದ ಬಾಗಿಲಿಗಾಗಿ ಮಾಡಿದ್ದು. ಅದರಲ್ಲಿ ಒಂದು ಅಯಸ್ಕಾಂತ, ಒಂದು ಸ್ವಿಚ್ಚು. ಎರಡರ ನಡುವೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಅಂತರವಾದರೆ ಬಾಗಿಲು ತೆರೆಯಿತೆಂದೇ ಅದು ತಿಳಿಯುತ್ತದೆ. ಶಟರ್ ಗಾಳಿಗೆ ಅಲುಗಾಡುತ್ತದೆ, ಅದರ ಕಬ್ಬಿಣವು ಅಯಸ್ಕಾಂತದ ಬಲವನ್ನು ಹೀರುತ್ತದೆ. ಪರಿಣಾಮವಾಗಿ ಮಳೆಗಾಳಿಯ ರಾತ್ರಿಗಳಲ್ಲಿ ಸೈರನ್ ಸುಮ್ಮನೆ ಕೂಗುತ್ತದೆ. ಶಟರಿಗೆಂದೇ ತಯಾರಿಸಿದ, ನೆಲಕ್ಕೆ ಬೋಲ್ಟ್ ಹಾಕಿ ಕೂರಿಸುವ ದಪ್ಪ ಸೆನ್ಸರುಗಳು ಪ್ರತ್ಯೇಕವಾಗಿ ದೊರೆಯುತ್ತವೆ. ಉಪಕರಣದ ಜೊತೆಯಲ್ಲೇ ಅದನ್ನೂ ಕೇಳಿ ಪಡೆಯುವುದು ಲೇಸು.

ಸುಳ್ಳು ಕೂಗನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ನಗರಗಳಲ್ಲಿ ಸೈರನ್ನಿಗೆ ಓಗೊಡಲು ಬಾಡಿಗೆಯ ಕಾವಲುಗಾರರಾದರೂ ಇರಬಹುದು. ಹುಲಿಹೈದರದ ಮಟ್ಟಿಗೆ ಪೊಲೀಸರು ಕನಕಗಿರಿಯಿಂದ ಬರಬೇಕು. 112ಕ್ಕೆ ಕರೆ ಹೋದ ಮೇಲೂ ಮೊದಲು ಓಡಿಬರುವವರು ಓಣಿಯ ನೆರೆಯವರೇ. ಮೂರು ಸಲ ಬೆಕ್ಕಿಗೋ ಗಾಳಿಗೋ ನಿದ್ದೆಗೆಟ್ಟವರು ನಾಲ್ಕನೆಯ ಸಲ ಹೊದಿಕೆ ಎಳೆದುಕೊಳ್ಳುತ್ತಾರೆ. ತೋಳ ಬಂತೆಂದು ಕೂಗಿದ ಹುಡುಗನ ಕಥೆ ಯಾರಿಗೆ ತಿಳಿಯದು? ಆದ್ದರಿಂದ ಉಪಕರಣವನ್ನು ಜೋಡಿಸಿದ ಮೇಲೆ ಒಂದು ವಾರ ಸೈರನ್ ಬಿಚ್ಚಿಟ್ಟು, ಮೊಬೈಲಿಗೆ ಮಾತ್ರ ಸಂದೇಶ ಬರುವಂತೆ ನಡೆಸಿ ನೋಡುವುದು ಜಾಣತನ. ಬಳಿಕ ಸೈರನ್ನನ್ನು ಅಂಗಡಿಯೊಳಗಲ್ಲ, ಕೈಗೆಟುಕದ ಎತ್ತರದಲ್ಲಿ, ನೆರೆಮನೆಗೆ ಕೇಳುವ ದಿಕ್ಕಿಗೆ ಹೊರಗೋಡೆಯ ಮೇಲೆ ಕೂರಿಸಬೇಕು. ನೆರೆಯವರಿಗೆ ಮುಂಚಿತವಾಗಿ ತಿಳಿಸಿ, ಅವರ ಸಂಖ್ಯೆಯನ್ನೂ ಕರೆಯ ಪಟ್ಟಿಗೆ ಸೇರಿಸುವುದು ಸೌಜನ್ಯವೂ ಹೌದು.

ಪೆಟ್ಟಿಗೆಯ ಮೇಲೆ 100 ಮೀಟರ್ ವ್ಯಾಪ್ತಿ ಎಂದು ಬರೆದಿದ್ದರೆ ಅದು ಬಯಲಿನ ಅಳತೆ. ದಪ್ಪ ಕಲ್ಲಿನ ಗೋಡೆ ಸಂಕೇತವನ್ನು ಕುಗ್ಗಿಸುತ್ತದೆ, ತಗಡು ಬಹುತೇಕ ತಡೆದೇ ಬಿಡುತ್ತದೆ. ಹೀಗಾಗಿ ಮುಖ್ಯ ಪೆಟ್ಟಿಗೆಯನ್ನು ಪಡಸಾಲೆಯಲ್ಲಿ, ಅಂಗಡಿಗೂ ಶೆಡ್ಡಿಗೂ ನಡುವೆ ಇಟ್ಟು, ಮೊಳೆ ಹೊಡೆಯುವ ಮೊದಲೇ ಪ್ರತಿ ಸೆನ್ಸರನ್ನೂ ಅದರ ಜಾಗದಲ್ಲಿ ಹಿಡಿದು ಪರೀಕ್ಷಿಸಬೇಕು. ತೀರ ಅಗ್ಗದ ಮಾದರಿಗಳಲ್ಲಿ ಸಂಕೇತವು ಏಕಮುಖವಾಗಿರುತ್ತದೆ. ಸೆನ್ಸರಿನ ಬ್ಯಾಟರಿ ಸತ್ತರೂ ಮುಖ್ಯ ಪೆಟ್ಟಿಗೆಗೆ ತಿಳಿಯದು. ಎರಡೂ ಕಡೆಯಿಂದ ಮಾತನಾಡುವ ಮಾದರಿಯನ್ನೇ ಆರಿಸುವುದು ಉಚಿತ.

ಸಿಮ್ ವಿಷಯದಲ್ಲಿ ಎಡವುವವರು ಬಹಳ. ಕಡಿಮೆ ಬೆಲೆಯ ಅನೇಕ ಪೆಟ್ಟಿಗೆಗಳು 2ಜಿ ಜಾಲವನ್ನು ಮಾತ್ರ ಬಲ್ಲವು. ಜಿಯೊ ಸಂಸ್ಥೆಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ ಅಲ್ಲಿ ಕೆಲಸ ಮಾಡದು. ಯಾವ ಸಿಮ್ಮೇ ಆಗಲಿ, ರೀಚಾರ್ಜ್ ಅವಧಿ ಮುಗಿದ ದಿನ ಕಾವಲುಗಾರ ಮೂಕನಾಗುತ್ತಾನೆ. ವಿದ್ಯುತ್ ಹೋದಾಗ ಪೆಟ್ಟಿಗೆ ತನ್ನ ಬ್ಯಾಟರಿಯಿಂದ ಕೆಲ ಗಂಟೆ ನಡೆಯಬಹುದು, ವೈಫೈ ರೂಟರ್ ನಡೆಯದು. ಅದನ್ನು ಇನ್ವರ್ಟರಿಗೆ ಸೇರಿಸಬೇಕು. ವೈಫೈ ಕ್ಯಾಮೆರಾವನ್ನೂ ಸೇರಿಸುವವರು ಕಾರ್ಖಾನೆಯ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸತಕ್ಕದ್ದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಹಾಗೆಯೇ ಉಳಿದಿದ್ದ ಪಾಸ್‌ವರ್ಡುಗಳ ಮೂಲಕ. ಕೆಲಸದ ಆಳು ಬಿಟ್ಟುಹೋದ ದಿನ ಸಂಕೇತಾಂಕವನ್ನು ಬದಲಿಸುವುದಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಕೊನೆಯದಾಗಿ ವಿಮೆ. ಕಳವಿನ ವಿಮಾ ಪತ್ರವು ಸಾಮಾನ್ಯವಾಗಿ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳವಿಗೆ ಮಾತ್ರ ಪರಿಹಾರ ನೀಡುತ್ತದೆ. ಪತ್ರದಲ್ಲಿ ಹಾಗೆ ಷರತ್ತಿದ್ದರೆ ಬಲಪ್ರಯೋಗವು ಸಾಬೀತಾಗಲೇಬೇಕೆಂದು ಸುಪ್ರೀಂ ಕೋರ್ಟ್ ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಪ್ರಕರಣದಲ್ಲಿ 2004ರಲ್ಲಿಯೇ ತೀರ್ಪಿತ್ತಿದೆ. ಶಟರ್ ಎಷ್ಟು ಗಂಟೆಗೆ ತೆರೆಯಿತೆಂದು ಸೆನ್ಸರ್ ಹೇಳಬಲ್ಲದೇ ಹೊರತು ಮೀಟಿ ತೆರೆದರೋ ಕೀಲಿಯಿಂದ ತೆರೆದರೋ ಎಂದು ಹೇಳಲಾರದು. ಒಡೆದ ಬೀಗ, ಬಾಗಿದ ಪಟ್ಟಿಗಳನ್ನು ಪೊಲೀಸರು ಮಹಜರು ಮಾಡುವವರೆಗೆ ಯಾರೂ ಮುಟ್ಟಬಾರದು. ಕ್ಯಾಮೆರಾದ ದೃಶ್ಯವನ್ನು ನ್ಯಾಯಾಲಯಕ್ಕೆ ಒಪ್ಪಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ ಪ್ರಮಾಣಪತ್ರವನ್ನು ಅದರೊಂದಿಗೆ ಲಗತ್ತಿಸಬೇಕಾಗುತ್ತದೆ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುವುದರಿಂದ, ಕಳವು ಗಮನಕ್ಕೆ ಬಂದ ದಿನವೇ ಅದರ ಪ್ರತಿಯನ್ನು ತೆಗೆದಿಡಬೇಕು.