‘ಕಾಲ್ ಇಟ್ ಎ ಡೇ’ ಅಂದ್ರೆ ಏನ್ರಿ? ಫೋನ್ ಮಾಡೂದಲ್ಲ, ಕೆಲಸದಿಂದ ತೆಗೆಯೂದೂ ಅಲ್ಲ

ಜಮಖಂಡಿ: ಬೆಂಗಳೂರು, ಪುಣೆಗೆ ಕೆಲಸಕ್ಕೆ ಹೋದ ನಮ್ಮ ಭಾಗದ ಹುಡುಗರ ವಾಟ್ಸ್‌ಆ್ಯಪ್‌ಗೆ ಸಂಜೆ ಆಫೀಸಿನಿಂದ ಬರುವ ಮಾತಿದು: ‘ಲೆಟ್ಸ್ ಕಾಲ್ ಇಟ್ ಎ ಡೇ’. ‘ಕಾಲ್’ ಅಂತ ಇದ್ದರೂ ಫೋನ್ ಮಾಡಬೇಕಿಲ್ಲ. ಪದಕ್ಕೆ ಪದ ಇಟ್ಟರೆ ‘ಇದನ್ನು ಒಂದು ದಿನ ಎಂದು ಕರೆಯೋಣ’ ಅಂತಾಗುತ್ತದೆ, ಅರ್ಥವೇ ಆಗಲ್ಲ. ನಮ್ಮ ಮಾತಿನಲ್ಲಿ ಇಷ್ಟೇ: ‘ಇವತ್ತಿಗೆ ಸಾಕ್ ಮಾಡೂಣ್ರಿ’.

ಇದು ಕೂಲಿ ಲೆಕ್ಕದ ಮಾತು. 19ನೇ ಶತಮಾನದಲ್ಲಿ ಇಂಗ್ಲಿಷಿನಲ್ಲಿ ‘ಕಾಲ್ ಇಟ್ ಹಾಫ್ ಎ ಡೇ’ ಎನ್ನುತ್ತಿದ್ದರು. ನಡುವೆಯೇ ಕೆಲಸ ಬಿಟ್ಟರೆ ಅರ್ಧ ದಿನ ಅಂತ ಹಿಡೀರಿ ಎಂದರ್ಥ. ಬರಬರುತ್ತಾ ‘ಅರ್ಧ’ ಬಿಟ್ಟುಹೋಯಿತು. ಮಾಡಿದ್ದನ್ನೇ ಒಂದು ದಿನದ ಕೆಲಸ ಅಂತ ಎಣಿಸಿ ಮನೆಗೆ ಹೋಗೋಣ ಎಂಬ ಅರ್ಥ ಉಳಿಯಿತು.

ಇನ್ನೊಂದು ಅರ್ಥವೂ ಇದೆ: ಕಾಯಂ ನಿಲ್ಲಿಸುವುದು. 2012ರ ಮಾರ್ಚ್ 9ರಂದು ರಾಹುಲ್ ದ್ರಾವಿಡ್ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು. ಇಂಥ ನಿವೃತ್ತಿಗೂ ಇಂಗ್ಲಿಷಿನಲ್ಲಿ ಇದೇ ಮಾತು. ನಮ್ಮಲ್ಲೂ ಹಾಗೇ ಅಲ್ವಾ? ರಾತ್ರಿ ‘ಅಂಗಡಿ ಮುಚ್ಚಿದೆ’ ಅಂದ್ರೆ ಬೆಳಗ್ಗೆ ತೆಗೀತಾರೆ. ‘ಅವ್ರು ಅಂಗಡಿ ಮುಚ್ಚಿದ್ರಂತ’ ಅಂದ್ರೆ ವ್ಯಾಪಾರವೇ ಮುಗೀತು. ಯಾವ ಹೊತ್ತಿಗೆ, ಯಾರ ಬಗ್ಗೆ ಅಂದ್ರು ಅನ್ನೋದರ ಮೇಲೆ ಅರ್ಥ. ಒಂದು ನೆನಪಿರಲಿ: ಇದು ತಾನಾಗಿ ನಿಲ್ಲಿಸುವವರ ಮಾತು. ಕೆಲಸದಿಂದ ತೆಗೆದುಹಾಕಿದ್ದಕ್ಕೆ ಬಳಸಲ್ಲ. ಸಂಜೆ ಸಾಹೇಬರ ಮೆಸೇಜ್ ನೋಡಿ ಗಾಬರಿ ಬೇಡ.

ಆದರೆ ಈ ಮಾತು ಹೇಳಬೇಕಂದ್ರೆ ಕೆಲಸದ ಲೆಕ್ಕ ದಿನದ ಮೇಲೆ ಇರಬೇಕು. 1948ರ ಫ್ಯಾಕ್ಟರಿ ಕಾಯ್ದೆ ಕಾರ್ಖಾನೆಯವರಿಗೆ ವಾರಕ್ಕೆ 48 ತಾಸಿನ ಮಿತಿ ಹಾಕಿತು. ಮುಧೋಳ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದರೆ ಕಾರ್ಮಿಕ ಹೊರಗೆ ಬರ್ತಾನೆ. ಅದೇ ಕಾರ್ಖಾನೆಗೆ ಕಬ್ಬು ಕಡಿಯೋ ಗ್ಯಾಂಗಿಗೆ ಟನ್ನಿನ ಲೆಕ್ಕ. ರಬಕವಿ-ಬನಹಟ್ಟಿಯಲ್ಲಿ ಸೀರೆ ನೇಯುವವರಿಗೆ ಸೀರೆಯ ಲೆಕ್ಕ. ಕರೆಂಟ್ ಹೋದರೆ ಮಗ್ಗವೇ ‘ಇವತ್ತಿಗೆ ಸಾಕು’ ಅಂತದ, ಆದರೆ ಆ ಹೊತ್ತಿಗೆ ಮಜೂರಿ ಯಾರೂ ಕೊಡಲ್ಲ. ಅರ್ಧ ನೇಯ್ದ ಸೀರೆಗೆ ಅರ್ಧ ದಿನ ಅಂತ ಹಿಡೀರಿ ಅನ್ನೋ ಹಂಗೂ ಇಲ್ಲ.