ಸುಂಟರಗಾಳಿಯೂ ಮುನ್ನೆಚ್ಚರಿಕೆಯೂ

ಬೇಸಗೆಯ ಬಯಲಿನಲ್ಲಿ ಧೂಳನ್ನೂ ತರಗೆಲೆಯನ್ನೂ ಸುತ್ತಿ ಮೇಲೆತ್ತುವ ಗಾಳಿಯನ್ನು ನಾಡಿನ ಜನ ಸುಂಟರಗಾಳಿಯೆಂದು ಕರೆಯುವರು. ಅಮೆರಿಕಾದಲ್ಲಿ ‘ಟಾರ್ನೆಡೊ’ ಎನಿಸಿಕೊಳ್ಳುವ ಸುಂಟರಗಾಳಿಯು ಇದಕ್ಕಿಂತ ತೀರ ಭಿನ್ನವಾದುದು. ಅದು ಗುಡುಗುಮೋಡದ ಒಡಲಿನಲ್ಲಿ ಹುಟ್ಟುವಂಥದು. ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವಭರಿತವಾದ ಬೆಚ್ಚನೆಯ ಗಾಳಿಯ ಮೇಲೆ ಶುಷ್ಕವಾದ ತಣ್ಣನೆಯ ಗಾಳಿ ಹರಿದಾಗ ವಾಯುಮಂಡಲವು ಅಸ್ಥಿರವಾಗುತ್ತದೆ. ಎತ್ತರವೇರಿದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುತ್ತಿದ್ದರೆ ಮೇಲೇರುವ ಮೋಡವೇ ತಿರುಗತೊಡಗುತ್ತದೆ. ಅಂತಹ ಮೋಡಗಳಲ್ಲಿ ಕೆಲವು ಮಾತ್ರ ಸುಂಟರಗಾಳಿಗೆ ಜನ್ಮವೀಯುತ್ತವೆ.

2011ನೆಯ ಇಸವಿಯ ಏಪ್ರಿಲ್ 25ರಿಂದ 28ರವರೆಗಿನ ನಾಲ್ಕು ದಿನಗಳಲ್ಲಿ ಆ ದೇಶದ ದಕ್ಷಿಣ ಹಾಗೂ ಪೂರ್ವ ಭಾಗಗಳಲ್ಲಿ 350ಕ್ಕೂ ಮಿಕ್ಕಿ ಸುಂಟರಗಾಳಿಗಳೆದ್ದವು. 300ಕ್ಕೂ ಹೆಚ್ಚು ಜನ ಅಸುನೀಗಿದರು. ಅವರಲ್ಲಿ ಬಹುಪಾಲು ಮಂದಿ 27ರಂದು, ಅದರಲ್ಲಿಯೂ ಅಲಬಾಮಾ ಸಂಸ್ಥಾನದಲ್ಲಿ, ಮೃತರಾದರು. ಹ್ಯಾಕಲ್‌ಬರ್ಗ್ ಮತ್ತು ಫಿಲ್ ಕ್ಯಾಂಬೆಲ್ ಎಂಬ ಚಿಕ್ಕ ಊರುಗಳನ್ನು ನೆಲಸಮ ಮಾಡಿದ ಒಂದೇ ಸುಂಟರಗಾಳಿಯು 200 ಕಿಲೋಮೀಟರಿಗೂ ಮೀರಿ ಸಾಗಿ 72 ಜನರನ್ನು ಬಲಿ ತೆಗೆದುಕೊಂಡಿತು. ಟಸ್ಕಲೂಸಾದಿಂದ ಬರ್ಮಿಂಗ್‌ಹ್ಯಾಮಿನವರೆಗೆ ನುಗ್ಗಿದ ಮತ್ತೊಂದಕ್ಕೆ 60ಕ್ಕೂ ಹೆಚ್ಚು ಮಂದಿ ಆಹುತಿಯಾದರು.

ವಿಜ್ಞಾನವು ಅಂದು ಸೋತಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಹವಾಮಾನ ಇಲಾಖೆಯು ದಿನಗಳ ಮುಂಚೆಯೇ ಅಪಾಯವನ್ನು ಸಾರಿತ್ತು. ಪ್ರಾಣಹಾನಿ ಮಾಡಿದ ಸುಂಟರಗಾಳಿಗಳ ಬಗೆಗೂ ಬಹುತೇಕ ಎಡೆಗಳಲ್ಲಿ ಎಚ್ಚರಿಕೆ ಮುಂಚಿತವಾಗಿಯೇ ಹೊರಟಿತ್ತು. ಆದರೆ ಅದೇ ಮುಂಜಾನೆ ಬೀಸಿದ ಬಿರುಗಾಳಿಯಿಂದ ಸಾವಿರಾರು ಮನೆಗಳ ವಿದ್ಯುತ್ತು ಕಡಿದುಹೋಗಿ, ಕೆಲವು ರೇಡಿಯೊ ಪ್ರಸಾರಕಗಳೂ ಮೂಕವಾದವು. ತತ್ಪರಿಣಾಮವಾಗಿ ಅಪರಾಹ್ನದ ಎಚ್ಚರಿಕೆಯ ನುಡಿ ಹಲವರ ಕಿವಿಗೆ ಬೀಳಲೇ ಇಲ್ಲ. ಕೇಳಿದವರಲ್ಲಿಯೂ ನೆಲಮಾಳಿಗೆಯಿಲ್ಲದವರಿಗೆ, ಅಡಿಪಾಯಕ್ಕೆ ಬಿಗಿಯದ ಹಗುರ ಮನೆಗಳಲ್ಲಿ ವಾಸಿಸುವ ಬಡವರಿಗೆ, ಓಡಿಹೋಗಿ ಅಡಗಲು ತಾವಿರಲಿಲ್ಲ.

ಊರುಗಳ ಬಾಳುವೆಯೇ ಅಸ್ತವ್ಯಸ್ತವಾಯಿತು. ಟಸ್ಕಲೂಸಾದ ವಿಶ್ವವಿದ್ಯಾನಿಲಯವು ಪರೀಕ್ಷೆಗಳನ್ನು ಕೈಬಿಟ್ಟು ವಿದ್ಯಾರ್ಥಿಗಳನ್ನು ಮನೆಗೆ ಕಳುಹಿತು. ಹ್ಯಾಕಲ್‌ಬರ್ಗಿನಲ್ಲಿ ಶಾಲೆಯೂ, ಅನೇಕ ಕುಟುಂಬಗಳಿಗೆ ಅನ್ನವೀಯುತ್ತಿದ್ದ ಉಡುಪಿನ ಕಾರ್ಖಾನೆಯೂ ಏಕಕಾಲಕ್ಕೆ ನಾಶವಾದವು. ಫಿಲ್ ಕ್ಯಾಂಬೆಲ್ ಊರಿನ ಶತಮಾನೋತ್ಸವಕ್ಕೆಂದು ಆ ವರ್ಷದ ಜೂನ್ ತಿಂಗಳಿನಲ್ಲಿ ಅದೇ ಹೆಸರಿನ ವ್ಯಕ್ತಿಗಳು ದೂರದೂರದಿಂದ ನೆರೆಯಬೇಕಿತ್ತು. ಅವರು ಉತ್ಸವದ ಸಡಗರದ ಜೊತೆಗೆ ಪರಿಹಾರಕಾರ್ಯಕ್ಕೂ ಕೈಜೋಡಿಸಿದುದು ಮಾನವೀಯತೆಯ ಹೃದ್ಯ ನಿದರ್ಶನ.

2007ರಲ್ಲಿ ಅದೇ ಸಂಸ್ಥಾನದ ಎಂಟರ್‌ಪ್ರೈಸ್ ಎಂಬ ಊರಿನ ಪ್ರೌಢಶಾಲೆಯಲ್ಲಿ 8 ಮಂದಿ ವಿದ್ಯಾರ್ಥಿಗಳು ಸುಂಟರಗಾಳಿಗೆ ತುತ್ತಾಗಿದ್ದರು. ಅನಂತರ, ಹೊಸದಾಗಿ ಕಟ್ಟುವ ಸರ್ಕಾರಿ ಶಾಲೆಗಳಲ್ಲಿ ಸುರಕ್ಷಿತ ಆಶ್ರಯಸ್ಥಾನವಿರಬೇಕೆಂದು 2010ರಲ್ಲಿ ಅಲ್ಲಿ ಶಾಸನವಾಯಿತು. ಗಾಳಿಯನ್ನು ತಡೆಯುವುದು ಮನುಷ್ಯನ ಅಳವಲ್ಲ. ಆದರೆ ಅರಿತವರ ಮಾತು ಕಟ್ಟಕಡೆಯ ಗುಡಿಸಲಿಗೂ ತಲುಪುವಂತೆ ಮಾಡುವುದು, ತಲುಪಿದೆಡೆ ಒಂದು ಗಟ್ಟಿಯಾದ ಗೋಡೆಯನ್ನು ಒದಗಿಸುವುದು ಸಮಾಜದ ಕೈಯಲ್ಲಿಯೇ ಇದೆ.